ಬೋರ್ಡ್ ಬರೆಯುವವರು ಕಲಾವಿದರಲ್ಲವೇ?

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಕನ್ನಡ ನನಗೆ ಶಾಲೆಯಿಂದ ಬಂದ ಭಾಷೆ. ಹಾಗಾಗಿ ಕೆಲವು ಪದಗಳು ಯಾವಾಗ, ಯಾರ ಬಾಯಿಂದ ಬಂದವು ಎಂಬುದು ಕೂಡ ನೆನಪಿದೆ. ‘ಕಲೆ’ ಎಂಬ ಪದ ಒಂದನೇ ತರಗತಿಯಲ್ಲಿ ಬಂತು. ಮೇಡಂ ನನ್ನ ಯೂನಿಫಾರ್ಮ್ ತೋರಿಸಿ, “ಇದೇನು ಇಷ್ಟು ದೊಡ್ಡ ಕಲೆ? ಮನೆಯಲ್ಲಿ ಒಗೆಯುವುದಿಲ್ಲವಾ?” ಎಂದು ಕೇಳಿದ್ದರು. ಅದು ನನ್ನ ಮಾಮು ಬಳಸುವ ನೀಲಿ ಎನಾಮೆಲ್ ಪೇಂಟ್. ಅಮ್ಮಿ ಸೀಮೆಎಣ್ಣೆ ಹಾಕಿ ಉಜ್ಜಿದರೂ ಪೂರ್ತಿ ಹೋಗಿರಲಿಲ್ಲ. ಕಲೆ ಎಂದರೆ ಚಿತ್ರ, ಸಂಗೀತ, ಶಿಲ್ಪ ಕೂಡ ಎಂದು ಗೊತ್ತಾಗಿದ್ದು ನಾಲ್ಕೈದು ವರ್ಷ ಕಳೆದ ಮೇಲೆ. ಆಗ ನನಗೆ ನಗು ಬಂತು. ಮಾಮುವಿನ ಬಟ್ಟೆ ಮೇಲೆ ಇರುವುದೂ ಕಲೆ, ಗೋಡೆ ಮೇಲೆ ಇರುವುದೂ ಕಲೆ!

ಮಾಮು ಬೋರ್ಡ್ ಪೇಂಟರ್. ಸೂಲಿಬೆಲೆ, ನಂದಗುಡಿ, ವಿಜಯಪುರ, ಹೊಸಕೋಟೆ ಕಡೆಯವರಿಗೆ ಅವರ ಹೆಸರು ಗೊತ್ತಿಲ್ಲದೆ ಇರಬಹುದು, ಅವರ ಕೈಬರಹ ಗೊತ್ತು. ಕಿರಾಣಿ ಅಂಗಡಿಯ ಹೆಸರು, ಶಾಲೆಯ ಗೋಡೆಯ ಮೇಲಿನ ಅ ಆ ಇ ಈ, ಭಾರತದ ನಕ್ಷೆ, ಹಾಲಿನ ಡೇರಿಯ ಬಾಗಿಲ ಮೇಲಿನ ಹಸು, ಲಾರಿಯ ಹಿಂದಿನ ಕಮಲ ಮತ್ತು ಹದ್ದು, ಮಸೀದಿಯ ನಮಾಜ್ ವೇಳಾಪಟ್ಟಿ ಎಲ್ಲ ಬರೆದಿದ್ದಾರೆ. ಊರಲ್ಲಿ ಕುರುಕ್ಷೇತ್ರ ನಾಟಕ ಆಡಿದಾಗ ಹಿಂದೆ ಇಳಿಬಿಡುವ ಅರಮನೆಯ ಪರದೆಯನ್ನು ಒಮ್ಮೆ ಹನ್ನೆರಡು ದಿನ ಕೂತು ಬರೆದಿದ್ದರಂತೆ. ಕಂಬಗಳ ನೆರಳು ಹೇಗೆ ಬೀಳಬೇಕು ಎಂದು ತಿಳಿಯಲು ಮನೆಯಲ್ಲಿ ನೀರಿನ ಲೋಟಗಳನ್ನು ಸಾಲಾಗಿ ಇಟ್ಟು ಟಾರ್ಚ್ ಹಾಕಿ ನೋಡಿದ್ದರು ಎಂದು ಅಮ್ಮಿ ಈಗಲೂ ಹೇಳುತ್ತಾರೆ. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಲಿಪಿ ಬರೆಯುತ್ತಾರೆ. ಓದಿದ್ದು ಏಳನೇ ತರಗತಿ.

ನಾನು ಹುಟ್ಟಿದ ಹೊತ್ತಿಗೆ ಫ್ಲೆಕ್ಸ್ ಬಂದಿತ್ತು. ಆಮೇಲೆ ಏನಾಯಿತು ಎಂದು ನಾನು ವಿವರಿಸಬೇಕಿಲ್ಲ, ಬಸ್ ನಿಲ್ದಾಣದ ಹತ್ತಿರ ನಿಂತು ನೋಡಿದರೆ ಸಾಕು. ಹುಟ್ಟುಹಬ್ಬ, ಶ್ರದ್ಧಾಂಜಲಿ, ಉರ್ಸ್, ಜಾತ್ರೆ, ಲೇಔಟ್ ಎಲ್ಲವೂ ಫ್ಲೆಕ್ಸ್. (ಲೇಔಟ್ ಫ್ಲೆಕ್ಸ್‌ಗಳಲ್ಲಿ ಕಾಣುವ ಈಜುಕೊಳ ಆ ಲೇಔಟ್‌ಗಳಲ್ಲಿ ಎಲ್ಲಿದೆ ಎಂದು ಯಾರಾದರೂ ತೋರಿಸಿದರೆ ಉಪಕಾರ.) 2024ರ ಆರಂಭದಲ್ಲಿ ನಾಮಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು ಎಂದು ಕಾನೂನಿಗೆ ತಿದ್ದುಪಡಿ ಬಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ಇನ್ನು ಮಾಮುಗೆ ಕೆಲಸವೋ ಕೆಲಸ ಎಂದುಕೊಂಡೆವು. ಮಾಮು ಬ್ರಷ್‌ಗಳನ್ನು ತೊಳೆದು ಇಟ್ಟುಕೊಂಡರು. ಕನ್ನಡ ಜಾಸ್ತಿ ಆಯಿತು, ಅದು ನಿಜ. ಆದರೆ ಅದು ಮಷೀನಿನಲ್ಲಿ ಪ್ರಿಂಟ್ ಆಗಿ, ಹಿಂದೆ ಎಲ್‌ಇಡಿ ದೀಪ ಹಾಕಿಕೊಂಡು ಬಂತು. ಮಾಮು ಈಗ ಹೊಸ ಮನೆಗಳ ಗೋಡೆಗೆ ರೋಲರ್‌ನಲ್ಲಿ ಬಣ್ಣ ಹೊಡೆಯುತ್ತಾರೆ.

ಇಷ್ಟು ಹೇಳಿದ್ದು ಮಾಮುವಿನ ಕಷ್ಟ ತೋಡಿಕೊಳ್ಳಲು ಅಲ್ಲ. ನಾನು ಹೇಳಬೇಕಾದ ವಿಷಯ ಬೇರೆ ಇದೆ, ಅದು ಶುರುವಾಗಿದ್ದು ಬೆಂಗಳೂರಿನಲ್ಲಿ.

2025ರ ಜನವರಿ 5, ಭಾನುವಾರ. ಮಾಮು, ನಾನು ಮತ್ತು ಆಪಾ ಚಿತ್ರಸಂತೆಗೆ ಹೋದೆವು. ಹೊಸಕೋಟೆಗೆ ಒಂದು ಬಸ್, ಅಲ್ಲಿಂದ ಮೆಜೆಸ್ಟಿಕ್‌ಗೆ ಇನ್ನೊಂದು. ಶಕ್ತಿ ಯೋಜನೆಯಿಂದ ನನಗೂ ಆಪಾಗೂ ಟಿಕೆಟ್ ಉಚಿತ, ಮಾಮು ಒಬ್ಬರೇ ದುಡ್ಡು ಕೊಟ್ಟರು. ಚಿತ್ರಸಂತೆ ಎಂದರೆ ಗೊತ್ತಿಲ್ಲದವರಿಗೆ: ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಇದನ್ನು ನಡೆಸುತ್ತಿದೆ. ಸಾಮಾನ್ಯವಾಗಿ ಜನವರಿಯ ಮೊದಲ ವಾರದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಇಡೀ ರಸ್ತೆಯನ್ನು ಕಲಾವಿದರಿಗೆ ಬಿಟ್ಟುಕೊಡುತ್ತಾರೆ. ನಾವು ಹೋಗಿದ್ದು 22ನೇ ಚಿತ್ರಸಂತೆ, ಅದನ್ನು ಹೆಣ್ಣುಮಗುವಿಗೆ ಅರ್ಪಿಸಿದ್ದರು. ಸಾವಿರಕ್ಕೂ ಹೆಚ್ಚು ಕಲಾವಿದರು, ಬೇರೆ ರಾಜ್ಯಗಳಿಂದ ಬಂದವರೂ ಇದ್ದರು. ಒಳಗೆ ಹೋಗಲು ಟಿಕೆಟ್ ಇಲ್ಲ. ನೂರು ರೂಪಾಯಿಯ ಚಿತ್ರವೂ ಇತ್ತು, ಲಕ್ಷದ್ದೂ ಇತ್ತು. ಮೈಸೂರು ಶೈಲಿ, ತಂಜಾವೂರು ಶೈಲಿ, ಮಧುಬನಿ, ಜಲವರ್ಣ, ಮರದ ಮೇಲೆ ಸುಟ್ಟು ಬಿಡಿಸಿದ್ದು, ಕಾಫಿ ಪುಡಿಯಲ್ಲಿ ಬಿಡಿಸಿದ್ದು. ಫುಟ್‌ಪಾತ್ ಮೇಲೆ ಕೂತು ಹತ್ತು ನಿಮಿಷದಲ್ಲಿ ಮುಖ ಬಿಡಿಸಿಕೊಡುವವರ ಮುಂದೆ ಕ್ಯೂ. ಜನ ಎಷ್ಟು ಎಂದರೆ ಆಪಾಳ ಚಪ್ಪಲಿ ಒಂದು ಸಲ ಕಳೆದುಹೋಗಿ ಸಿಕ್ಕಿತು.

ಒಂದು ಕಡೆ ಒಬ್ಬರು ವಯಸ್ಸಾದ ಕಲಾವಿದರು ಹಳೆಯ ಬೆಂಗಳೂರಿನ ಅಂಗಡಿ ಬೀದಿಯ ಚಿತ್ರಗಳನ್ನು ಇಟ್ಟಿದ್ದರು. ಚಿತ್ರದ ಒಳಗಿನ ಅಂಗಡಿಗೂ ಒಂದು ಪುಟ್ಟ ಬೋರ್ಡ್ ಇತ್ತು. ಮಾಮು ಬಹಳ ಹೊತ್ತು ಬಗ್ಗಿ ನೋಡಿದರು. ನಂತರ ಆ ಕಲಾವಿದರಿಗೆ, “ಸಾರ್, ಈ ‘ಸ್ಟೋರ್ಸ್’ ಅನ್ನೋದರಲ್ಲಿ ‘ಟ’ ಒತ್ತು ಸ್ವಲ್ಪ ಎಡಕ್ಕೆ ವಾಲಿದೆ, ಆದರೆ ಬೇಕಂತಲೇ ಹಾಗೆ ಬರೆದಿದ್ದೀರಿ ಅಲ್ಲವಾ, ಹಳೇ ಬೋರ್ಡ್ ಥರ” ಎಂದರು. ಅವರಿಗೆ ಆಶ್ಚರ್ಯ. ನಕ್ಕು, “ನೀವೂ ಕಲಾವಿದರಾ?” ಎಂದು ಕೇಳಿದರು.

ಮಾಮು ಹೇಳಿದ್ದು: “ಇಲ್ಲ ಸಾರ್. ಬೋರ್ಡ್ ಪೇಂಟರ್.”

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಇದೊಂದೇ ತಲೆಯಲ್ಲಿ ಇತ್ತು. ಯಾಕೆಂದರೆ ಮಾಮು ಬರೆದ ಪ್ರತಿ ಬೋರ್ಡಿನ ಬಲ ಮೂಲೆಯಲ್ಲಿ ಸಣ್ಣದಾಗಿ ಅವರ ಹೆಸರು, ಅದರ ಮುಂದೆ ‘ಆರ್ಟ್ಸ್’, ಕೆಳಗೆ ಫೋನ್ ನಂಬರ್ ಇರುತ್ತದೆ. ಮೂವತ್ತು ವರ್ಷ ‘ಆರ್ಟ್ಸ್’ ಎಂದು ತಾವೇ ಬರೆದುಕೊಂಡವರು, ಕೇಳಿದಾಗ ಇಲ್ಲ ಎಂದುಬಿಟ್ಟರು. ಅವರ ಕೆಲಸವನ್ನು ದಿನಕ್ಕೆ ಸಾವಿರ ಜನ ನೋಡಿದ್ದಾರೆ. ಆದರೆ ನೋಡುವುದಕ್ಕಾಗಿಯೇ ಬಂದು ನೋಡಿದವರು ಒಬ್ಬರೂ ಇಲ್ಲ. ಅಂಗಡಿ ಹುಡುಕಿಕೊಂಡು ಬಂದವರು ಬೋರ್ಡ್ ಓದಿ ಒಳಗೆ ಹೋಗಿದ್ದಾರೆ, ಅಷ್ಟೆ.

ಪ್ರದರ್ಶನ ಎಂದರೆ ಚಿತ್ರ ಮಾರುವ ವ್ಯವಸ್ಥೆ ಎಂದು ನಾವು ಕಾಮರ್ಸ್‌ನವರು ತಕ್ಷಣ ತಿಳಿದುಕೊಳ್ಳುತ್ತೇವೆ. ಮಾರಾಟ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಪ್ರದರ್ಶನ ಮಾಡುವ ಕೆಲಸ ಇನ್ನೊಂದಿದೆ. ಒಂದು ವಸ್ತುವನ್ನು ಗೋಡೆಗೆ ನೇತುಹಾಕಿ, ಕೆಳಗೆ ಮಾಡಿದವರ ಹೆಸರು ಬರೆದು, ನಾಲ್ಕು ಜನ ಅದರ ಮುಂದೆ ಸುಮ್ಮನೆ ನಿಂತರೆ, ಮಾಡಿದವರಿಗೆ ತಾನು ಯಾರು ಎಂದು ಗೊತ್ತಾಗುತ್ತದೆ. ಪಾಲುದಾರಿಕೆ ಲೆಕ್ಕಗಳಲ್ಲಿ ನಾವು ಗುಡ್‌ವಿಲ್ ಎಂದು ಓದುತ್ತೇವೆ. ಕಣ್ಣಿಗೆ ಕಾಣುವುದಿಲ್ಲ, ಆದರೂ ಅದು ಆಸ್ತಿ, ಬೆಲೆ ಕಟ್ಟಬೇಕು. ಮಾಮುಗೆ ಮೂವತ್ತು ವರ್ಷದ ಗುಡ್‌ವಿಲ್ ಇದೆ, ಯಾವ ಪುಸ್ತಕದಲ್ಲೂ ಎಂಟ್ರಿ ಆಗಿಲ್ಲ.

ಹಾಗಾದರೆ ನಮ್ಮ ಕಡೆಯವರು ಎಲ್ಲಿ ಪ್ರದರ್ಶಿಸಬೇಕು? ನಾನು ಸ್ವಲ್ಪ ವಿಚಾರಿಸಿದೆ. ಬೆಂಗಳೂರಿನಲ್ಲಿ ಜಾಗಗಳಿವೆ. ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿವೆ. ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ರಂಗೋಲಿ ಕಲಾ ಕೇಂದ್ರ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ಆದರೆ ಅದು ದೊಡ್ಡವರ ಕೃತಿಗಳಿಗೆ. ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ. ಈ ವೆಂಕಟಪ್ಪನವರು ಚಿತ್ರಗಾರ ಮನೆತನದವರು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು, ಮೈಸೂರು ಅರಮನೆಯ ಕಲಾವಿದರಾಗಿದ್ದವರು. 2016ರಲ್ಲಿ ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಜೊತೆಗಿನ ಒಪ್ಪಂದಕ್ಕೆ ಒಳಪಡಿಸಲು ಹೊರಟಾಗ ಕಲಾವಿದರು ಸೇರಿ ಪ್ರತಿಭಟನೆ ಮಾಡಿದರು. ಒಂದು ಕಟ್ಟಡಕ್ಕೆ ಇಷ್ಟು ಗಲಾಟೆ ಯಾಕೆ ಎಂದು ಮೊದಲು ನನಗೆ ಅನ್ನಿಸಿತು. ಆಮೇಲೆ ಅರ್ಥವಾಯಿತು. ಖಾಸಗಿ ಗ್ಯಾಲರಿಗಳಲ್ಲಿ ಬಾಡಿಗೆ ಹೆಚ್ಚು, ಇಲ್ಲವೇ ಮಾರಾಟದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್. ಹೊಸಬರಿಗೆ ಅಲ್ಲಿ ಬಾಗಿಲು ತೆರೆಯುವುದೇ ಕಷ್ಟ. ಸರ್ಕಾರಿ ಗೋಡೆ ಒಂದು ಹೋದರೆ ಹೊಸಬರ ಗೋಡೆಯೇ ಹೋದ ಹಾಗೆ.

ಈಗ ಸೂಲಿಬೆಲೆಯಿಂದ ಒಬ್ಬರು ಹತ್ತು ಚಿತ್ರ ತೆಗೆದುಕೊಂಡು ಬೆಂಗಳೂರಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ನಾನು ಹೊಸಕೋಟೆಯಲ್ಲಿ ಫ್ರೇಮ್ ಅಂಗಡಿಯಲ್ಲಿ ಕೇಳಿದೆ, ಒಂದೂವರೆ ಅಡಿಗೆ ಎರಡು ಅಡಿ ಅಳತೆಯದಕ್ಕೆ 600 ರೂಪಾಯಿ ಅಂದರು. ಹತ್ತಕ್ಕೆ 6,000. ಬಸ್ಸಿನಲ್ಲಿ ಗಾಜಿನ ಫ್ರೇಮ್ ಒಯ್ಯಲು ಆಗುವುದಿಲ್ಲ, ಚಿಕ್ಕ ಗೂಡ್ಸ್ ಗಾಡಿ ಹೋಗಿ ಬರಲು 2,500 ಕೇಳಿದರು. ಎರಡು ದಿನದ ಕೂಲಿ ಬಿಟ್ಟುಹೋಗುತ್ತದೆ, ಅದು 2,000. ಒಟ್ಟು 10,500. ಇದು ಅರ್ಜಿ ಶುಲ್ಕ, ಬಾಡಿಗೆ ಯಾವುದೂ ಸೇರದ ಲೆಕ್ಕ. ಒಂದೂ ಮಾರಾಟ ಆಗದಿದ್ದರೆ ಪೂರ್ತಿ ನಷ್ಟ. ಮಾಮು ಈ ಲೆಕ್ಕವನ್ನು ಬರೆದು ನೋಡಿಲ್ಲ, ಆದರೆ ಮನಸ್ಸಿನಲ್ಲಿ ಎಂದೋ ಮಾಡಿ ಮುಗಿಸಿದ್ದಾರೆ.

ನಮ್ಮ ಜಿಲ್ಲೆಯಲ್ಲೇ ಕಲೆ ಇಲ್ಲವೇ ಎಂದರೆ, ಇದೆ. ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ದೊಡ್ಡ ದೊಡ್ಡ ಕಲಾಕೃತಿಗಳನ್ನು ಇಟ್ಟಿದ್ದಾರೆ, ಕರ್ನಾಟಕದ ಕಲೆ ಮತ್ತು ಕರಕುಶಲವನ್ನು ನೆನೆದು ಮಾಡಿದವು. ಆ ಸಂಗ್ರಹದ ಹೆಸರು ‘ನೌರಸ’. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಬರೆದ ಪುಸ್ತಕದ ಹೆಸರು ‘ಕಿತಾಬ್-ಎ-ನೌರಸ್’, ಅದು ದಖನಿ ಭಾಷೆಯಲ್ಲಿದೆ. ಅಂದರೆ ನಮ್ಮ ದಾದಿ ಅಡುಗೆಮನೆಯಲ್ಲಿ ಬೈಯುವ ಭಾಷೆಯ ಅಜ್ಜಿ! ನನಗೆ ಹೆಮ್ಮೆ ಅನ್ನಿಸಿತು. ಆದರೆ ಆ ಕೃತಿಗಳ ಮುಂದೆ ನಿಲ್ಲಲು ವಿಮಾನದ ಟಿಕೆಟ್ ಬೇಕು. ನಮ್ಮ ತಲೆಯ ಮೇಲೆ ದಿನಾ ಹಾರುವ ವಿಮಾನದಲ್ಲಿ ಇರುವವರು ಅದನ್ನು ನೋಡಿರುತ್ತಾರೆ, ಕೆಳಗೆ ಹಿಪ್ಪುನೇರಳೆ ತೋಟದಲ್ಲಿ ಇರುವವರು ನೋಡಿರುವುದಿಲ್ಲ. ನಮ್ಮ ಹೋಬಳಿಯಲ್ಲಿ ಚಿತ್ರ ನೋಡಲೆಂದೇ ಇರುವ ಒಂದು ಕೋಣೆಯನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಕೆಲವು ಗೆಳತಿಯರಿಗೆ ಇದನ್ನು ಹೇಳಿದಾಗ, “ಇನ್‌ಸ್ಟಾಗ್ರಾಮ್ ಇದೆಯಲ್ಲ, ಹಾಕಿದರೆ ಆಯಿತು” ಎಂದರು. ಸರಿ, ಆಪಾ ಹಾಕಿದ್ದಾಳೆ. ಅವಳು ಮೆಹಂದಿ ಹಾಕುತ್ತಾಳೆ, ಈದ್‌ನ ಹಿಂದಿನ ರಾತ್ರಿ ನಮ್ಮ ಮನೆ ಮುಂದೆ ಹನ್ನೆರಡು ಗಂಟೆಯವರೆಗೆ ಹುಡುಗಿಯರು ಕೂತಿರುತ್ತಾರೆ. ಅವಳ ವಿಡಿಯೋಗೆ ಲೈಕ್ ಬರುತ್ತದೆ, ಒಂದೆರಡು ಮದುವೆ ಆರ್ಡರ್ ಕೂಡ ಬಂದಿವೆ, ಅದು ಒಳ್ಳೆಯದೇ. ಆದರೆ ಫೋನಿನಲ್ಲಿ ಎಲ್ಲ ಚಿತ್ರವೂ ಅಂಗೈ ಅಗಲ. ನಾಟಕದ ಪರದೆಯೂ ಅಂಗೈ ಅಗಲ, ಅಂಗೈ ಮೆಹಂದಿಯೂ ಅಂಗೈ ಅಗಲ. ಹೆಬ್ಬೆರಳು ಒಂದು ಸಲ ಮೇಲೆ ಹೋದರೆ ಮುಗಿಯಿತು. ಆಪಾಳ ಹತ್ತಿರ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಪೆನ್ನಿನಿಂದ ಬಿಡಿಸಿದ ನಾನೂರಕ್ಕೂ ಹೆಚ್ಚು ವಿನ್ಯಾಸ ಇವೆ. ಚರ್ಮದ ಮೇಲಿನ ಮೆಹಂದಿ ಎರಡು ವಾರದಲ್ಲಿ ಹೋಗುತ್ತದೆ, ಆ ಪುಸ್ತಕಗಳು ಉಳಿಯುತ್ತವೆ. ಅವುಗಳನ್ನು ನಮ್ಮ ಮನೆಯವರ ಹೊರತು ಯಾರೂ ನೋಡಿಲ್ಲ. ಅವಳಿಗೂ ಯಾರಾದರೂ “ನೀವು ಕಲಾವಿದರಾ” ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾಳೆ, ನನಗೆ ಗೊತ್ತು.

ಇನ್ನೊಂದು ಪ್ರಶ್ನೆಯನ್ನು ಮುಚ್ಚಿಡುವುದು ಬೇಡ. ನಮ್ಮ ಕಾಲೇಜಿನಲ್ಲಿ ಚಿತ್ರ ಪ್ರದರ್ಶನ ಎಂದರೆ, “ಜೀವ ಇರುವುದರ ಚಿತ್ರ ಬಿಡಿಸಬಹುದಾ, ನೇತುಹಾಕಬಹುದಾ” ಎಂದು ಕೆಲವರು ಕೇಳುತ್ತಾರೆ. ಹಿರಿಯರಲ್ಲಿ ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದೆ. ನಮ್ಮ ಮನೆಯಲ್ಲಿ ದಾದಿ ನಮಾಜ್ ಮಾಡುವ ಕೋಣೆಯಲ್ಲಿ ಮುಖ ಇರುವ ಕ್ಯಾಲೆಂಡರ್ ಕೂಡ ಇಲ್ಲ. ಮಾಮು ಲಾರಿಗೆ ಹದ್ದು ಬರೆದವರು, ಆದರೆ ಆ ಕೋಣೆಗೆ ಬಳ್ಳಿ ಮತ್ತು ಅಕ್ಷರ ಮಾತ್ರ ಬರೆದುಕೊಟ್ಟರು. ಯಾರೂ ಜಗಳ ಆಡಲಿಲ್ಲ. ನಾನು ಹದಿನೇಳು ವರ್ಷದವಳು, ಇದರಲ್ಲಿ ತೀರ್ಪು ಕೊಡುವಷ್ಟು ಓದಿಲ್ಲ. ಆದರೆ ಅಕ್ಷರ, ಬಳ್ಳಿ, ಮೆಹಂದಿ, ಕಟ್ಟಡ, ಹೊಲ, ನಂದಿ ಬೆಟ್ಟ ಇಷ್ಟರಿಂದಲೇ ನಮ್ಮ ಕಾರಿಡಾರ್ ತುಂಬಿಹೋಗುತ್ತದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಬಿದ್ರಿ ಕಲೆಗೆ, ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂರಿಸುವ ಕೆಲಸಕ್ಕೆ. ಮುಖ್ತಾರ್ ಅಹ್ಮದ್ ಅವರು ಬೆಂಗಳೂರಿನಲ್ಲಿ ಅರಬಿ ಕ್ಯಾಲಿಗ್ರಫಿ ಕಲಿಸುತ್ತಾರೆ. ಒಂದು ಕಾಲದಲ್ಲಿ ಉರ್ದು ಪತ್ರಿಕೆಗಳನ್ನು ಪೂರ್ತಿ ಕೈಯಲ್ಲೇ ಬರೆಯುತ್ತಿದ್ದರು, ಬರೆಯುವವರನ್ನು ಕಾತಿಬ್ ಎನ್ನುತ್ತಿದ್ದರು. ಕಂಪ್ಯೂಟರ್ ಬಂದು ಅವರ ಕೆಲಸ ಹೋಯಿತು, ಫ್ಲೆಕ್ಸ್ ಬಂದು ಮಾಮುವಿನ ಕೆಲಸ ಹೋದ ಹಾಗೆಯೇ. ಆದರೆ ಕಾಗದದ ಮೇಲಿನ ಆ ಬರಹವನ್ನು ಈಗ ಜನ ಫ್ರೇಮ್ ಹಾಕಿ ಗೋಡೆಗೆ ಹಾಕಿಕೊಳ್ಳುತ್ತಾರೆ. ತಗಡಿನ ಮೇಲೆ ಬರೆದ ಕನ್ನಡ ಅಕ್ಷರಕ್ಕೆ ಮಾತ್ರ ಯಾಕೆ ಆ ಭಾಗ್ಯ ಇಲ್ಲ?

ಹಿಂದೆ ಒಂದು ಸಲ ಇಂಥವರಿಗೆ ಅವಕಾಶ ಸಿಕ್ಕಿತ್ತು. 2009ರ ಹೊತ್ತಿಗೆ ಬಿಬಿಎಂಪಿಯವರು ಬೆಂಗಳೂರಿನ ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಿದರು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನ, ಹುಲಿ, ಜಲಪಾತ. ಬರೆದವರಲ್ಲಿ ಹೆಚ್ಚಿನವರು ಸಿನಿಮಾ ಬ್ಯಾನರ್ ಮತ್ತು ಬೋರ್ಡ್ ಬರೆಯುತ್ತಿದ್ದವರು, ಫ್ಲೆಕ್ಸ್‌ನಿಂದ ಕೈ ಖಾಲಿಯಾಗಿದ್ದವರು. ಒಂದೇ ಥರದ ಚಿತ್ರಗಳು ಎಂದು ಟೀಕಿಸಿದವರೂ ಇದ್ದರು. ಇರಲಿ. ಅಬ್ಬಾ ಹೇಳುವಂತೆ ಆ ಗೋಡೆಗಳ ಬುಡದಲ್ಲಿ ಕೆಲವು ದಿನ ಯಾರೂ ಉಗುಳಲಿಲ್ಲ, ಅದೇ ದೊಡ್ಡ ಸಾಧನೆ.

ಈಗ ನನ್ನ ಮನವಿಗೆ ಬರುತ್ತೇನೆ. ಪ್ರತಿ ವರ್ಷ ನವೆಂಬರ್ 1ಕ್ಕೆ ನಮ್ಮ ಕಾಲೇಜಿನಲ್ಲಿ ಕನ್ನಡ ರಾಜ್ಯೋತ್ಸವ ಮಾಡುತ್ತೇವೆ. ವೇದಿಕೆಯ ಹಿಂದೆ ಹತ್ತು ಅಡಿಗೆ ಎಂಟು ಅಡಿಯ ಫ್ಲೆಕ್ಸ್ ಕಟ್ಟುತ್ತೇವೆ. ಅದರಲ್ಲಿ ಭುವನೇಶ್ವರಿಗಿಂತ ದೊಡ್ಡದಾಗಿ ಅತಿಥಿಗಳ ಫೋಟೋ ಇರುತ್ತದೆ, ಅದು ಬೇರೆ ಮಾತು. ಮರುದಿನ ಆ ಫ್ಲೆಕ್ಸ್ ಎಲ್ಲಿ ಹೋಗುತ್ತದೆ? ಕ್ಯಾಂಟೀನಿನ ಸೌದೆ ಮೇಲೆ ಹೊದಿಕೆ ಆಗುತ್ತದೆ, ನೀವೇ ಹೋಗಿ ನೋಡಿ. ಕನ್ನಡದ ಹಬ್ಬಕ್ಕೆ ಕನ್ನಡವನ್ನು ಕೈಯಲ್ಲಿ ಬರೆಯುವವರು ಊರಲ್ಲೇ ಇರುವಾಗ ನಾವು ಯಾಕೆ ಹೊಸಕೋಟೆಗೆ ಹೋಗಿ ಪ್ಲಾಸ್ಟಿಕ್ ಪ್ರಿಂಟ್ ಮಾಡಿಸಬೇಕು?

ಫ್ಲೆಕ್ಸ್ ಅಗ್ಗ ಎನ್ನುತ್ತೀರಿ. 80 ಚದರ ಅಡಿಗೆ 15 ರೂಪಾಯಿಯಂತೆ 1,200. ಮಾಮುವನ್ನು ಕೇಳಿದೆ, ಗಟ್ಟಿ ಬಟ್ಟೆ, ಬಣ್ಣ, ಕೂಲಿ ಎಲ್ಲ ಸೇರಿ 2,800 ಅಂದರು. ಎರಡು ಪಟ್ಟಿಗಿಂತ ಜಾಸ್ತಿ, ಒಪ್ಪುತ್ತೇನೆ. ಆದರೆ ಇಸವಿ ಮತ್ತು ಅತಿಥಿಗಳ ಹೆಸರು ಬರೆಸದಿದ್ದರೆ ಅದೇ ಪರದೆ ಐದು ವರ್ಷ ಬರುತ್ತದೆ. ನೇರ ರೇಖಾ ಪದ್ಧತಿಯ ಸವಕಳಿ ಹಾಕಿದರೆ ವರ್ಷಕ್ಕೆ 560 ರೂಪಾಯಿ, ಉಳಿಕೆ ಬೆಲೆ ಸೊನ್ನೆ ಎಂದು ಹಿಡಿದಿದ್ದೇನೆ. ತಪ್ಪಿದ್ದರೆ ಅಕೌಂಟೆನ್ಸಿ ಸರ್ ತಿದ್ದಲಿ.

ಅದೇ ದಿನ ನೆಲಮಹಡಿಯ ಕಾರಿಡಾರ್‌ನಲ್ಲಿ ಒಂದು ಪ್ರದರ್ಶನ ಇಡೋಣ. ಆಫೀಸಿನಿಂದ ಲೈಬ್ರರಿವರೆಗಿನ ಗೋಡೆಯನ್ನು ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ, 62 ಹೆಜ್ಜೆ. ಉತ್ತರದ ಬೆಳಕು ಬರುತ್ತದೆ, ಬಿಸಿಲು ನೇರವಾಗಿ ಬೀಳುವುದಿಲ್ಲ. ಮೊಳೆ ಹೊಡೆಯಬೇಕಿಲ್ಲ, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಬಹುದು. ಹಗ್ಗ 200, ಕ್ಲಿಪ್ 150, ಚಿತ್ರದ ಹಿಂದೆ ಅಂಟಿಸಲು ಹನ್ನೆರಡು ದಪ್ಪ ಹಾಳೆ 600, ಚಹಾ 500. ಒಟ್ಟು 1,450 ರೂಪಾಯಿ. ನಮ್ಮ ಸೆಕ್ಷನ್‌ನಲ್ಲಿ 58 ಜನ ಇದ್ದೇವೆ, ತಲೆಗೆ 25 ರೂಪಾಯಿ ಹಾಕಿದರೆ ಸರಿಹೋಗುತ್ತದೆ.

ಇದು ವಿದ್ಯಾರ್ಥಿಗಳ ಚಿತ್ರಕಲಾ ಸ್ಪರ್ಧೆ ಆಗಬಾರದು. ಸ್ಪರ್ಧೆಗಳು ನಮಗೆ ಬೇಕಾದಷ್ಟು ಇವೆ, ಮೊದಲ ಬಹುಮಾನ ಸ್ಟೀಲ್ ಡಬ್ಬಿ, ಎರಡನೇ ಬಹುಮಾನ ಸ್ವಲ್ಪ ಚಿಕ್ಕ ಸ್ಟೀಲ್ ಡಬ್ಬಿ. ಬಹುಮಾನ ಬಾರದವರು ಮತ್ತೆ ಪೆನ್ಸಿಲ್ ಹಿಡಿಯುವುದಿಲ್ಲ. ಊರಿನವರನ್ನು ಕರೆಯಬೇಕು. ಬೋರ್ಡ್ ಬರೆಯುವವರು, ಮೆಹಂದಿ ಹಾಕುವವರು, ಹಬ್ಬಕ್ಕೆ ಬಾಗಿಲ ಮುಂದೆ ದೊಡ್ಡ ರಂಗೋಲಿ ಬಿಡಿಸುವ ಅಕ್ಕಂದಿರು, ಲಾರಿ ಬಾಡಿಗೆ ಬಣ್ಣ ಹೊಡೆಯುವವರು, ಗಣಪತಿ ಮೂರ್ತಿಗೆ ಕಣ್ಣು ಬರೆಯುವವರ ಕೈಯ ಬಳ್ಳಿ ವಿನ್ಯಾಸ, ನಮ್ಮದೇ ಕ್ಲಾಸಿನಲ್ಲಿ ಲೆಡ್ಜರ್ ಪುಸ್ತಕದ ಕೊನೆ ಹಾಳೆಯಲ್ಲಿ ಇಡೀ ಬಸ್ ನಿಲ್ದಾಣವನ್ನು ಬಿಡಿಸಿಟ್ಟ ಹುಡುಗ (ಹೆಸರು ಹೇಳಬೇಡ ಎಂದಿದ್ದಾನೆ). ಏನನ್ನು ಇಡಬಹುದು, ಏನು ಬೇಡ ಎಂಬುದನ್ನು ಅಧ್ಯಾಪಕರು ನಿರ್ಧರಿಸಲಿ. ಪ್ರತಿಯೊಂದರ ಕೆಳಗೂ ಮಾಡಿದವರ ಹೆಸರು ಮತ್ತು ಊರು ಇರಲಿ. ಮಾರುವವರು ಬೆಲೆ ಬರೆಯಲಿ, ಕಾಲೇಜಿಗೆ ಕಮಿಷನ್ ಬೇಡ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗೇಟ್ ತೆರೆದಿರಲಿ, ಪೋಷಕರೂ ಬರಲಿ. ಹೆಣ್ಣುಮಕ್ಕಳು ಇರುವ ಕಾಲೇಜಿಗೆ ಹೊರಗಿನವರು ಬರುವುದು ಹೇಗೆ ಎಂದು ಯೋಚಿಸುವವರಿಗೆ ಹೇಳುತ್ತೇನೆ, ಫಲಿತಾಂಶದ ದಿನ ಮತ್ತು ಅಡ್ಮಿಷನ್ ದಿನ ಇಡೀ ಊರೇ ಒಳಗೆ ಬರುತ್ತದೆ, ಏನೂ ಆಗಿಲ್ಲ. ಉದ್ಘಾಟನೆಗೆ ದೀರ್ಘ ಭಾಷಣ ಬೇಡ ಎಂಬುದು ನನ್ನ ವೈಯಕ್ತಿಕ ಕೋರಿಕೆ.

ಅರೆವಾರ್ಷಿಕ ಪರೀಕ್ಷೆ ಮುಗಿದ ಮೇಲೆ ತಯಾರಿಗೆ ಮೂರು ವಾರ ಸಿಗುತ್ತದೆ. ಓದು ಹಾಳಾಗುತ್ತದೆ ಎನ್ನುವವರಿಗೆ ನನ್ನ ಯೂನಿಟ್ ಟೆಸ್ಟ್ ಅಂಕ ತೋರಿಸಲು ಸಿದ್ಧ, ಇಂಗ್ಲಿಷ್ ಒಂದು ಬಿಟ್ಟು. ಪ್ರಾಂಶುಪಾಲರಿಗೆ ಮನವಿ ಪತ್ರ ಬರೆದು ಲೈಬ್ರರಿಯಲ್ಲಿ ಇಟ್ಟಿದ್ದೇನೆ. ಈ ಲೇಖನ ಅಚ್ಚಿಗೆ ಹೋಗುವ ದಿನ ಅದರಲ್ಲಿ 31 ಸಹಿ ಇವೆ. ಸೈನ್ಸ್ ವಿಭಾಗದಿಂದ ನಾಲ್ಕೇ ನಾಲ್ಕು ಬಂದಿವೆ, ದಯವಿಟ್ಟು ಗಮನಿಸಿ.

ಮಾಮುಗೆ ಮೊದಲು ಹೇಳಿರಲಿಲ್ಲ. ಹೋದ ವಾರ ಹೇಳಿದೆ. “ನನ್ನದು ಏನಿದೆ ಇಡೋದಕ್ಕೆ, ಎಲ್ಲ ಅಂಗಡಿಯವರ ಹತ್ತಿರ ಇದೆ, ಅರ್ಧ ಗುಜರಿಗೆ ಹೋಗಿದೆ” ಎಂದರು. ನಂತರ ಅವರೇ ಎದ್ದು ಹಿತ್ತಲಿಗೆ ಹೋಗಿ ನೀರಿನ ಡ್ರಮ್ಮಿನ ಹಿಂದಿನಿಂದ ಒಂದು ತಗಡು ತೆಗೆದರು. ಮುಚ್ಚಿಹೋದ ಒಂದು ಸೈಕಲ್ ಅಂಗಡಿಯ ಬೋರ್ಡ್. ಅಂಗಡಿಯವರು ದುಡ್ಡು ಕೊಡಲು ಆಗದೆ ವಾಪಸ್ ಕೊಟ್ಟಿದ್ದಂತೆ. ಹಳದಿ ನೆಲ, ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು, ಒಂದು ಬದಿಯಲ್ಲಿ ಸೈಕಲ್. ಚಕ್ರದ ಕಡ್ಡಿಗಳನ್ನು ಎಣಿಸಿದೆ, 36 ಇವೆ, ನಿಜವಾದ ಸೈಕಲ್ಲಿನ ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40 ಇರುತ್ತದೆ ಎಂದು ಮಾಮು ತಾವೇ ತಪ್ಪು ಒಪ್ಪಿಕೊಂಡರು. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ನನ್ನ ಚೂಡಿದಾರದ ತೋಳಿಗೆ ಸ್ವಲ್ಪ ತುಕ್ಕು ಹತ್ತಿದೆ, ಅಮ್ಮಿ ಇನ್ನೂ ನೋಡಿಲ್ಲ.

ಬಲ ಮೂಲೆಯಲ್ಲಿ ತುಕ್ಕು ತಿಂದು ಹೆಸರು ಹೋಗಿದೆ. ‘ಆರ್ಟ್ಸ್’ ಎಂಬುದು ಮಾತ್ರ ಉಳಿದಿದೆ. ಪ್ರದರ್ಶನದ ಹಿಂದಿನ ದಿನ ಬ್ರಷ್ ತಂದು ಹೆಸರನ್ನು ಮತ್ತೆ ಬರೆಯಬೇಕು ಎಂದು ಹೇಳಿದ್ದೇನೆ. “ಮೊದಲು ನಿಮ್ಮ ಪ್ರಿನ್ಸಿಪಾಲರು ಹೂಂ ಅನ್ನಲಿ” ಎಂದಿದ್ದಾರೆ.